ಹಿಮದಲ್ಲಿ ಬಿಟ್ಟುಬಂದ ನಾಯಿಗಳು ನಿಜವಾಗಿ ಬದುಕಿದ್ದವೇ?

ಪ್ರಶ್ನೆ: ರಜೆಯಲ್ಲಿ ಮಗಳ ಜೊತೆ ‘ಏಟ್ ಬಿಲೋ’ ಸಿನಿಮಾ ನೋಡಿದೆವು. ಅಂಟಾರ್ಕ್ಟಿಕಾದಲ್ಲಿ ಬಿಟ್ಟುಬಂದ ಎಂಟು ಸ್ಲೆಡ್ (ಹಿಮಗಾಡಿ ಎಳೆಯುವ) ನಾಯಿಗಳಲ್ಲಿ ಆರು ಬದುಕಿ ಉಳಿಯುತ್ತವೆ. ‘ಇದು ನಿಜವಾಗಿ ನಡೆದದ್ದಾ ಅಪ್ಪಾ? ಅವು ಏನು ತಿಂದವು?’ ಎಂದು ದಿನಾ ಕೇಳುತ್ತಾಳೆ. ಜೊತೆಗೆ ಹಸ್ಕಿ ಮರಿ ಬೇಕೆಂಬ ಹಟ ಬೇರೆ. ನಮ್ಮದು ದಾವಣಗೆರೆ. ಸಾಕಬಹುದೇ ಡಾಕ್ಟ್ರೇ?

ಉತ್ತರ: ನಡೆದದ್ದು ನಿಜ, ಲೆಕ್ಕ ಮಾತ್ರ ಬೇರೆ. ಸಿನಿಮಾದಲ್ಲಿ ಎಂಟಕ್ಕೆ ಆರು ಉಳಿದವು. ನಿಜದಲ್ಲಿ ಹದಿನೈದಕ್ಕೆ ಎರಡೇ.

2006ರ ಈ ಡಿಸ್ನಿ ಚಿತ್ರಕ್ಕೆ 1983ರ ಜಪಾನಿ ಸಿನಿಮಾ ಮೂಲ. ಅದಕ್ಕೆ ಮೂಲ, ಅಂಟಾರ್ಕ್ಟಿಕಾದಲ್ಲಿರುವ ಜಪಾನಿನ ಶೋವಾ ಸಂಶೋಧನಾ ಕೇಂದ್ರದಲ್ಲಿ 1958ರ ಫೆಬ್ರವರಿಯಲ್ಲಿ ನಡೆದ ಘಟನೆ. ಅಲ್ಲಿ ಚಳಿಗಾಲ ಕಳೆದ 11 ಜನರ ತಂಡ ಹೊರಟು, ಹೊಸ ತಂಡ ಬರಬೇಕಿತ್ತು. ಇನ್ನೇನು ಬಂದೇಬಿಡುತ್ತಾರೆ ಎಂದು ನಾಯಿಗಳನ್ನು ಸರಪಳಿಯಲ್ಲಿ ಕಟ್ಟಿಯೇ ಹೊರಟರು. ‘ಸೋಯಾ’ ಹಡಗಿಗೆ ಮಂಜುಗಡ್ಡೆ ದಾಟಲಾಗಲಿಲ್ಲ. ಹೊಸ ತಂಡವನ್ನು ಇಳಿಸದೆಯೇ ವಾಪಸಾಯಿತು.

1959ರ ಜನವರಿ 14. ಮತ್ತೆ ಜನ ಬಂದಿಳಿದಾಗ ಏಳು ನಾಯಿಗಳು ಸರಪಳಿಯಲ್ಲೇ ಸತ್ತಿದ್ದವು. ಆರರ ಸುಳಿವಿಲ್ಲ. ಟಾರೊ, ಜಿರೊ ಎಂಬ ಅಣ್ಣತಮ್ಮಂದಿರು ಮಾತ್ರ ಮೈಕೈ ತುಂಬಿಕೊಂಡು ಓಡಾಡುತ್ತಿದ್ದವು! ಅವುಗಳ ಉಸ್ತುವಾರಿ ನೋಡಿದ್ದ ತೈಇಚಿ ಕಿತಾಮುರಾ ಅವರಿಗೇ ಗುರುತು ಸಿಗದೆ, ಒಂದೊಂದೇ ಹೆಸರು ಹಿಡಿದು ಕರೆಯಬೇಕಾಯಿತು.

ಎಲ್ಲರೂ ಈ ಎರಡರ ಕಥೆ ಹೇಳುತ್ತಾರೆ. ನನ್ನ ಕಣ್ಣು ಹೋಗುವುದು ಆ ಏಳರ ಕಡೆಗೆ. ಅವನ್ನು ಕೊಂದದ್ದು ಚಳಿಯಲ್ಲ, ಕೊರಳಪಟ್ಟಿ. ಶೋವಾ ಕಡಲಂಚಿನಲ್ಲಿದೆ; ಅಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ ಮೈನಸ್ 45 ಡಿಗ್ರಿಯ ಆಸುಪಾಸು. ಒಳನಾಡಿನಲ್ಲಿರುವ ರಷ್ಯಾದ ವೋಸ್ಟೋಕ್ ಕೇಂದ್ರದಲ್ಲಿ ಅದು ಮೈನಸ್ 89.2. ಸಖಾಲಿನ್ ತಳಿಯ ಈ ನಾಯಿಗಳಿಗೆ ಎರಡು ಪದರದ ತುಪ್ಪಳ: ಒಳಗೆ ಉಣ್ಣೆಯಂಥದ್ದು, ಹೊರಗೆ ಒರಟು ಕೂದಲು. ಸುರುಳಿ ಸುತ್ತಿ ಮಲಗಿ ಬಾಲದಿಂದ ಮೂಗು ಮುಚ್ಚಿಕೊಂಡರೆ, ಮೇಲೆ ಬಿದ್ದ ಹಿಮವೇ ರಗ್ಗು. ಪಾದಕ್ಕೆ ಇಳಿಯುವ ಬಿಸಿ ರಕ್ತ, ಪಕ್ಕದಲ್ಲೇ ಮೇಲೇರುವ ತಣ್ಣನೆ ರಕ್ತಕ್ಕೆ ಶಾಖ ದಾಟಿಸುತ್ತದೆ. ಹಾಗಾಗಿ ಬರಿಗಾಲಲ್ಲಿ ನಿಂತರೂ ಮೈಯ ಬಿಸಿ ಸೋರಿಹೋಗುವುದಿಲ್ಲ. ಕಟ್ಟಿದ ಜಾಗದಲ್ಲಿ ತಿನ್ನಲು ಏನೂ ಇಲ್ಲದಿದ್ದರೆ ಇಷ್ಟೆಲ್ಲ ಇದ್ದೂ ಏನು ಬಂತು?

ಬಿಡಿಸಿಕೊಂಡವು ಏನು ತಿಂದವು ಎಂದರೆ, ಕಣ್ಣಾರೆ ಕಂಡವರಿಲ್ಲ. ಆದರೆ ಆ ಕರಾವಳಿಯಲ್ಲಿ ಪೆಂಗ್ವಿನ್‌ಗಳಿವೆ, ವೆಡ್ಡೆಲ್ ಸೀಲ್‌ಗಳಿವೆ, ಅವುಗಳ ಮರಿಗಳಿವೆ. ಸೀಲ್‌ನ ಹಿಕ್ಕೆಯನ್ನೂ ತಿಂದಿರಬಹುದು. ನಾಯಿಗೆ ಅದರಲ್ಲೇನೂ ಅಸಹ್ಯವಿಲ್ಲ, ಅಷ್ಟನ್ನು ಮಗಳಿಗೆ ಹೇಳಿ, ನಗುತ್ತಾಳೆ. ಸತ್ತ ಜೊತೆಗಾರರನ್ನು ತಿಂದ ಗುರುತು ಮಾತ್ರ ಇರಲಿಲ್ಲವಂತೆ. ಇನ್ನೊಂದು ಮಾತು, ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ. ಅಂಟಾರ್ಕ್ಟಿಕಾದಲ್ಲಿ ನೆಲದ ಮೇಲೆ ಬೇಟೆಯಾಡುವ ದೊಡ್ಡ ಪ್ರಾಣಿಯೇ ಇಲ್ಲ. ಸಿನಿಮಾದಲ್ಲಿ ಹೆದರಿಸುವ ಚಿರತೆ ಸೀಲ್ ಯಂತ್ರದ ಗೊಂಬೆ.

ಜಿರೊ 1960ರಲ್ಲಿ ಅಲ್ಲೇ ತೀರಿಕೊಂಡ. ಟಾರೊ ಜಪಾನಿನ ಸಪ್ಪೊರೊಗೆ ಮರಳಿ 1970ರವರೆಗೆ ಬದುಕಿದ. ಈಗ ಅಂಟಾರ್ಕ್ಟಿಕಾದಲ್ಲಿ ನಾಯಿಗಳೇ ಇಲ್ಲ. ಸೀಲ್‌ಗಳಿಗೆ ರೋಗ ತಗಲೀತೆಂದು, ಪರಿಸರ ಒಪ್ಪಂದದ ಪ್ರಕಾರ 1994ರ ಏಪ್ರಿಲ್‌ ಹೊತ್ತಿಗೆ ಎಲ್ಲವನ್ನೂ ಹೊರಗೆ ಕಳಿಸಲಾಯಿತು.

ಇನ್ನು ಹಸ್ಕಿ. ಬೇಡ. ಮೈನಸ್ ನಲವತ್ತರಲ್ಲಿ ಕಾಪಾಡುವ ಅದೇ ತುಪ್ಪಳ, ದಾವಣಗೆರೆಯ ಏಪ್ರಿಲ್‌ನಲ್ಲಿ ಅದಕ್ಕೆ ಶಿಕ್ಷೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಣಿಯಬೇಕು. ಬೇಸಿಗೆಯಲ್ಲಿ ನಾನು ನೋಡಲು ಹೋದ ಒಂದು ಹಸ್ಕಿ, ಬಚ್ಚಲಿನ ಒದ್ದೆ ನೆಲಕ್ಕೆ ಹೊಟ್ಟೆಯಂಟಿಸಿ ಮಲಗಿತ್ತು. ನಾಲಿಗೆ ಪೂರ್ತಿ ಹೊರಗೆ. ಹೊಸಬ ಒಳಗೆ ಬಂದರೂ ತಲೆ ಎತ್ತಲಿಲ್ಲ. ಹಗಲಿಡೀ ಏಸಿ ಹಾಕಿ, ನಸುಕಿನಲ್ಲೇ ಎದ್ದು ಮೈಲಿಗಟ್ಟಲೆ ಓಡಿಸಬಲ್ಲಿರಾದರೆ ಆಮೇಲೆ ಮಾತಾಡೋಣ. ಸೆಖೆಯೆಂದು ಕೂದಲು ಬೋಳಿಸುವವರೂ ಇದ್ದಾರೆ; ಅದು ಬಿಸಿಲಿಗೂ ತಡೆ, ತೆಗೆದರೆ ಚರ್ಮ ಸುಡುತ್ತದೆ. ನಿಮ್ಮ ಬೀದಿಯಲ್ಲೇ ಮರಿ ಹಾಕಿದ ನಾಯಿ ಇರಬಹುದು, ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ.