ಟವರ್‌ಗೆ ಹೆದರುವವರು ವೆಲ್ಡಿಂಗ್ ಬೆಳಕಿಗೂ ಹೆದರಿ

ಪ್ರಶ್ನೆ: ಪಕ್ಕದ ಮನೆಯ ತಾರಸಿ ಮೇಲೆ ಮೊಬೈಲ್ ಟವರ್ ಬಂದಿದೆ. ಮಗುವಿನ ರೂಮಿನ ಕಿಟಕಿ ಅದಕ್ಕೆ ಎದುರಾಗಿದೆ. ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ, ನಿಜವೇ? (ಕುವೆಂಪುನಗರ, ಮೈಸೂರು)

ಉತ್ತರ: ಟವರಿನ ರೇಡಿಯೋ ಅಲೆಗೆ ಡಿಎನ್‌ಎ ಮುರಿಯುವಷ್ಟು ಶಕ್ತಿ ಇಲ್ಲ. ತೀವ್ರತೆ ತೀರಾ ಹೆಚ್ಚಿದರೆ ಮೈಯನ್ನು ಬಿಸಿ ಮಾಡುತ್ತದೆ. ಖಚಿತವಾಗಿ ಗೊತ್ತಿರುವ ಹಾನಿ ಅದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಯನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್‌ಕಾರಕ ಇರಬಹುದು, ಆದರೆ ಸಾಕ್ಷ್ಯ ಸೀಮಿತ ಎಂದು ಅದರ ಅರ್ಥ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದ ಮಿತಿ 900 ಮೆಗಾಹರ್ಟ್ಸ್ ಆವರ್ತನದ ಅಲೆಗೆ ಚದರ ಮೀಟರಿಗೆ 0.45 ವ್ಯಾಟ್. ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು ಇದು.

ಆಂಟೆನಾ ತನ್ನ ಮುಖದ ದಿಕ್ಕಿಗೇ ಅಲೆ ಬಿಡುತ್ತದೆ, ಕಾಲ ಬುಡಕ್ಕೆ ಬೀಳುವುದು ಕಡಿಮೆ. ಹಾಗಾಗಿ ಟವರ್ ಹೊತ್ತ ಮನೆಯವರಿಗಿಂತ ಎದುರು ಮನೆಯ, ಅದೇ ಎತ್ತರದ ಕಿಟಕಿಗೇ ಹೆಚ್ಚು ತಾಗುತ್ತದೆ. ಉದ್ದನೆಯ ಬಿಳಿ ಪ್ಯಾನೆಲ್ ನೇರ ನಿಮ್ಮ ಕಿಟಕಿಗೆ ಮುಖ ಮಾಡಿದೆಯೇ ನೋಡಿ. ಹಾಗಿದ್ದರೆ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಅಳತೆ ಮಾಡಿಸಿ. ಆ್ಯಪ್‌ಗಳು ತೋರಿಸುವ ‘ರೇಡಿಯೇಷನ್’ ಅಂಕಿಯನ್ನು ನಂಬಬೇಡಿ. ಇನ್ನೊಂದು ಮಾತು: ಸಿಗ್ನಲ್ ಕ್ಷೀಣವಾದಷ್ಟೂ ಕಿವಿಗೆ ಹಿಡಿದ ಫೋನ್ ತನ್ನ ಶಕ್ತಿ ಏರಿಸಿಕೊಳ್ಳುತ್ತದೆ. ಅಂಥ ಕಡೆ ಇಯರ್‌ಫೋನ್ ಬಳಸಿ.

ಪ್ರಶ್ನೆ: ಟ್ರೈಲರ್ ವೆಲ್ಡಿಂಗ್ ಮಾಡುವಾಗ ಮಗ ಪಕ್ಕದಲ್ಲಿ ಕಬ್ಬಿಣ ಹಿಡಿದಿದ್ದ. ಹಗಲೆಲ್ಲ ಚೆನ್ನಾಗಿದ್ದ, ನಡುರಾತ್ರಿ ಕಣ್ಣಿಗೆ ಮರಳು ಹಾಕಿದಂತಾಗಿ ಒದ್ದಾಡಿದ. ಏಕೆ? (ಪಾಂಡವಪುರ)

ಉತ್ತರ: ಇದೂ ವಿದ್ಯುತ್ಕಾಂತೀಯ ಅಲೆಯ ಕೆಲಸವೇ, ಟವರ್‌ಗಿಂತ ಇದಕ್ಕೇ ನಾವು ಹೆಚ್ಚು ಹೆದರಬೇಕು. ವೆಲ್ಡಿಂಗ್ ಆರ್ಕ್‌ನಿಂದ (ಕಣ್ಣು ಕೋರೈಸುವ ವಿದ್ಯುತ್ ಜ್ವಾಲೆ) ಬರುವ ನೇರಳಾತೀತ ಕಿರಣ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆಯ, ಮೇಲ್ಪದರವನ್ನು ಸುಡುತ್ತದೆ. ಆ ಕೋಶಗಳು ಸತ್ತು ಕಳಚಿ ಒಳಗಿನ ನರ ಬಯಲಾಗುವುದಕ್ಕೆ ಸುಮಾರು 6ರಿಂದ 12 ಗಂಟೆ ಬೇಕು. ಅದಕ್ಕೇ ಹಗಲಿನ ಕೆಲಸದ ನೋವು ರಾತ್ರಿ ಏಳುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ.

ಕಣ್ಣು ಉಜ್ಜಬಾರದು. ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆ ಇಡಿ, ಬೆಳಕು ಕಡಿಮೆ ಮಾಡಿ, ಬೆಳಿಗ್ಗೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎದೆಹಾಲು, ಹರಳೆಣ್ಣೆ ಬಿಡಬೇಡಿ, ಸೋಂಕು ಸೇರುತ್ತದೆ. ಮರಗಟ್ಟಿಸುವ ಡ್ರಾಪ್ಸ್ ಅಂಗಡಿಯಿಂದ ತಂದು ಹಾಕುವುದು ಇನ್ನೂ ಕೆಟ್ಟದ್ದು: ನೋವು ಹೋಗುತ್ತದೆ, ಗಾಯ ಮಾಯುವುದು ನಿಲ್ಲುತ್ತದೆ. ನೋಟದ ನಡುವೆ ಕಪ್ಪು ಚುಕ್ಕೆ ಕಂಡರೆ ಅದು ರೆಟಿನಾದ (ಕಣ್ಣಿನ ಹಿಂಭಾಗದ ಪರದೆ) ತೊಂದರೆ ಇರಬಹುದು, ತಡ ಮಾಡಬೇಡಿ.

ರಾಡ್ ವೆಲ್ಡಿಂಗ್‌ಗೆ ಆಂಪಿಯರ್ ನೋಡಿಕೊಂಡು 10ರಿಂದ 12 ಶೇಡ್ (ಗಾಜಿನ ಕಪ್ಪಿನ ಮಟ್ಟ) ಗಾಜು ಬೇಕು. ಕಪ್ಪು ಕೂಲಿಂಗ್ ಗ್ಲಾಸ್ ಸಾಲದು. ಹಿಡಿಯುವವನಿಗೂ ಬೇರೆ ಮುಖಗವಚ ಇರಲಿ. ಅವನು ಮುಖ ತಿರುಗಿಸಿಕೊಂಡರೂ ಸುಣ್ಣ ಬಳಿದ ಗೋಡೆ, ತಗಡಿನಿಂದ ಕಿರಣ ಮರಳಿ ಬರುತ್ತದೆ. ಚರ್ಮವೂ ಸುಡುವುದರಿಂದ ತುಂಬುತೋಳಿನ ಹತ್ತಿ ಅಂಗಿ ಹಾಕಿಸಿ. ರಸ್ತೆ ಬದಿಯ ಅಂಗಡಿಗಳು ಬೆಂಕಿ ಹಿಡಿಯದ ಪರದೆ ಕಟ್ಟಿದರೆ ಶಾಲೆಗೆ ಹೋಗುವ ಮಕ್ಕಳ ಕಣ್ಣೂ ಉಳಿಯುತ್ತದೆ. ವೆಲ್ಡಿಂಗ್‌ನ ನೇರಳಾತೀತ ಕಿರಣವನ್ನು ಅದೇ ಕ್ಯಾನ್ಸರ್ ವಿಭಾಗ ಇಟ್ಟಿರುವುದು 1ನೇ ಗುಂಪಿನಲ್ಲಿ, ಅಂದರೆ ಕ್ಯಾನ್ಸರ್‌ಕಾರಕ ಎಂದು ಸಾಬೀತಾದವುಗಳ ಸಾಲಿನಲ್ಲಿ.

ಪ್ರಶ್ನೆ: ಕಬ್ಬಿನ ಗದ್ದೆ ಮೇಲೆ 220 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನ್ ಹೋಗಿದೆ. ಕೆಳಗೆ ನಿಲ್ಲಿಸಿದ ಟ್ರ್ಯಾಕ್ಟರ್ ಮುಟ್ಟಿದರೆ ಜುಮ್ ಎನ್ನುತ್ತದೆ. ರೇಡಿಯೇಷನ್ನಾ? (ಮದ್ದೂರು)

ಉತ್ತರ: ಅಲ್ಲ. ತಂತಿಯ ವಿದ್ಯುತ್ ಕ್ಷೇತ್ರ ಟ್ರ್ಯಾಕ್ಟರ್ ಮೈಯಲ್ಲಿ ವಿದ್ಯುದಂಶ ಪ್ರೇರೇಪಿಸುತ್ತದೆ, ರಬ್ಬರ್ ಟೈರು ಅದನ್ನು ನೆಲಕ್ಕೆ ಇಳಿಯಲು ಬಿಡುವುದಿಲ್ಲ, ನೀವು ಮುಟ್ಟಿದಾಗ ನಿಮ್ಮ ಮೂಲಕ ಇಳಿಯುತ್ತದೆ. ಲೈನಿನ ಕೆಳಗೆ ಡೀಸೆಲ್ ತುಂಬಿಸಬೇಡಿ. ತಂತಿಬೇಲಿ ಇದ್ದರೆ ಅರ್ತಿಂಗ್ ಮಾಡಿಸಿ.

ಸಾವು ಬರುವುದು ಬೇರೆ ದಾರಿಯಿಂದ. ಈ ತಂತಿ ನೆಲದಿಂದ ಕನಿಷ್ಠ 7 ಮೀಟರ್ ಮೇಲಿರಬೇಕು. ಎರಡು ಗೋಪುರಗಳ ನಡುಮಧ್ಯೆ ಅತಿ ಕೆಳಗಿರುತ್ತದೆ, ಬೇಸಿಗೆಯಲ್ಲಿ ಇನ್ನೂ ಜೋಲುತ್ತದೆ. 20 ಅಡಿಯ ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪನ್ನು ಕಸ ಕೊಡವಲು ನೆಟ್ಟಗೆ ಎತ್ತಿದರೆ ತುದಿ ತಂತಿಯ ಹತ್ತಿರ ಹೋಗುತ್ತದೆ. ತಾಗಬೇಕಿಲ್ಲ, ಸಮೀಪಿಸಿದರೆ ಸಾಕು, ವಿದ್ಯುತ್ ಗಾಳಿಯಲ್ಲೇ ಹಾರುತ್ತದೆ. ಪೈಪನ್ನು ಇಬ್ಬರು ಹಿಡಿದು ಅಡ್ಡಲಾಗಿ ಒಯ್ಯಿರಿ. ಕಬ್ಬಿನ ತರಗಿಗೆ ಲೈನಿನ ಕೆಳಗೆ ಬೆಂಕಿ ಹಾಕಲೇಬೇಡಿ. ಜ್ವಾಲೆ, ಹೊಗೆಯ ಮೂಲಕವೂ ವಿದ್ಯುತ್ ನೆಲಕ್ಕೆ ಹಾರುತ್ತದೆ. ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮೈಕ್ರೋವೇವ್ ಆನ್ ಮಾಡಿದರೆ ವೈಫೈ ನಿಲ್ಲುತ್ತದೆ. ಸೋರುತ್ತಿದೆಯೇ? (ಸರಸ್ವತಿಪುರಂ, ಮೈಸೂರು)

ಉತ್ತರ: ಅಲ್ಪಸ್ವಲ್ಪ ಎಲ್ಲ ಓವನ್ನೂ ಸೋರುತ್ತದೆ. ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಇರುವುದರಿಂದ ವೈಫೈ ಮುಗ್ಗರಿಸುತ್ತದೆ, ರೂಟರನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಬಾಗಿಲಿನಿಂದ 5 ಸೆಂ.ಮೀ. ದೂರದಲ್ಲಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್ ದಾಟಬಾರದು ಎಂಬುದು ಮಾನಕ. ಬಾಗಿಲು ಸೊಟ್ಟಗಾಗಿದ್ದರೆ, ಹಿಂಜ್ ಸಡಿಲವಾಗಿದ್ದರೆ, ಒಳಗಿನ ಜಾಲರಿ ಸುಟ್ಟಿದ್ದರೆ ಬಳಸಬೇಡಿ. ನೀವೇ ಕವರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ನಲ್ಲಿ ಸುಮಾರು 2,000 ವೋಲ್ಟ್ ಉಳಿದಿರಬಹುದು.

ಪ್ರಶ್ನೆ: ತಂದೆಗೆ ಪೇಸ್‌ಮೇಕರ್ (ಹೃದಯ ಬಡಿತ ಕಾಯುವ ಸಾಧನ) ಹಾಕಿದ್ದಾರೆ. ಇಂಡಕ್ಷನ್ ಒಲೆ ಬಳಸಬಹುದೇ? (ಮಂಡ್ಯ)

ಉತ್ತರ: ಒಲೆ ಉರಿಯುವಾಗ ಎದೆಗೂ ಅದಕ್ಕೂ 60 ಸೆಂ.ಮೀ. ಅಂತರ ಇರಲಿ. ಮೊಬೈಲನ್ನು ಅಂಗಿಯ ಜೇಬಿನಲ್ಲಿ ಇಡದೆ 15 ಸೆಂ.ಮೀ. ದೂರದಲ್ಲಿರಿಸಿ, ಪೇಸ್‌ಮೇಕರ್ ಇಲ್ಲದ ಕಡೆಯ ಕಿವಿಗೆ ಹಿಡಿಯಲಿ.