ಕೊಪ್ಪಳದ ಬಿಸಿಲಿಗೆ ವೀಪಿಂಗ್ ವಿಲ್ಲೋ ಬರುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಕೊಪ್ಪಳದಲ್ಲಿ 40×60 ಸೈಟು, ಮನೆ ಮುಂದೆ ಒಂದಿಷ್ಟು ಜಾಗ. ಕಾಶ್ಮೀರದ ದಾಲ್ ಸರೋವರದ ದಂಡೆಯಲ್ಲಿ ನೋಡಿದ, ಕೊಂಬೆಗಳು ಕೆಳಕ್ಕೆ ಜೋತುಬೀಳುವ ವೀಪಿಂಗ್ ವಿಲ್ಲೋ ಮರ ತಲೆಯಿಂದ ಹೋಗುತ್ತಿಲ್ಲ. ಆನ್‌ಲೈನ್‌ನಲ್ಲಿ ಸಸಿ ತರಿಸಿ ಕುಂಡದಲ್ಲಿ ಇಟ್ಟಿದ್ದೀರಿ, ಬೋರಿನ ನೀರು ಹಾಕುತ್ತಿದ್ದೀರಿ, ಎಲೆಯ ಅಂಚು ಸುಟ್ಟಂತಾಗಿದೆ. ನೆಲಕ್ಕೆ ಇಳಿಸಿದರೆ ಸರಿಹೋಗುತ್ತಾ, ಇಲ್ಲಾ ನಮ್ಮ ಬಿಸಿಲಿಗೆ ಈ ಮರ ಬರೋದೇ ಇಲ್ವಾ ಅಂತ ಕೇಳಿದ್ದೀರಿ.

ನಮ್ಮ ಬಿಸಿಲಿಗೆ ಬರುತ್ತೆ. ಆದರೆ ನಿಮ್ಮ ಸೈಟಿನ ನೆಲಕ್ಕೆ ಇಳಿಸಬೇಡಿ. ಯಾಕೆ ಅಂತ ಹೇಳ್ತೀನಿ.

ನಮ್ಮ ಹೊಲ ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ. ಭತ್ತದ ಕೊನೆಯ ಮಡಿ ದಾಟಿದರೆ ಒಂದು ಬಸಿಗಾಲುವೆ ಇದೆ. ಅದರ ಬದುವಿನ ಮೇಲೆ ನಮ್ಮ ವಿಲ್ಲೋ ಇದೆ. ಮೇಲಿನ ಗದ್ದೆಗಳಿಂದ ಬಸಿದ ನೀರು ಅದರ ಬುಡದಲ್ಲಿ ಸದಾ ಇರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ ಮರ ಹಸಿರಾಗೇ ಇರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತಲ್ಲ, ಎರಡನೇ ಬೆಳೆಗೆ ಕಾಲುವೆ ನೀರು ಬಿಡಲಿಲ್ಲ. 2024ರ ಬೇಸಿಗೆ ಹೊತ್ತಿಗೆ ಬಸಿಗಾಲುವೆಯ ತಳ ಒಣಗಿ ಬಿರುಕು ಬಿಟ್ಟಿತು. ಮರ ಅರ್ಧಕ್ಕರ್ಧ ಎಲೆ ಉದುರಿಸಿತು, ತುದಿ ಕೊಂಬೆಗಳು ಕಡ್ಡಿಯಾದವು. ಜುಲೈ ಕಳೆದು ಕಾಲುವೆಗೆ ನೀರು ಬಂದ ಮೇಲೆ ಕಾಂಡದಿಂದಲೇ ಮತ್ತೆ ಚಿಗುರಿತು. ಬಿಸಿಲು ಪ್ರತಿ ವರ್ಷವೂ ಇತ್ತು. ಆ ವರ್ಷ ಇರದಿದ್ದದ್ದು ಬುಡದ ನೀರು ಮಾತ್ರ.

ವಿಲ್ಲೋ ಅಂದ ಕೂಡಲೇ ಕಾಶ್ಮೀರ, ಚಳಿ, ಕ್ರಿಕೆಟ್ ಬ್ಯಾಟು ಅಂತ ಎಲ್ಲರೂ ಸೇರಿಸಿಬಿಡುತ್ತಾರೆ. ಬ್ಯಾಟಿನ ವಿಲ್ಲೋ ಜಾತಿಯೇ ಬೇರೆ, ಅದು ನೆಟ್ಟಗೆ ಬೆಳೆಯುವ ಮರ. ಜೋತುಬೀಳುವ ವಿಲ್ಲೋದ ಮೂಲ ಚೀನಾ. ಇರಾನ್‌ನಂಥ ಕಾದ ದೇಶದಲ್ಲೂ, ಪಂಜಾಬಿನ ಬಯಲಲ್ಲೂ ಇದನ್ನು ಬೆಳೆಸುತ್ತಾರೆ. ನಮ್ಮಲ್ಲಿ ಚಳಿ ಕಡಿಮೆ, ಹಾಗಾಗಿ ಎಲೆ ಪೂರ್ತಿ ಉದುರಿಸಿ ಮಲಗುವುದಿಲ್ಲ. ಚಳಿಗಾಲದಲ್ಲಿ ಒಂದಿಷ್ಟು ಉದುರಿಸುತ್ತದೆ, ಆಮೇಲೆ ತಿಳಿಹಸಿರು ಚಿಗುರು ಬರುತ್ತದೆ. ಕಾಶ್ಮೀರದ ಮರದಷ್ಟು ತುಂಬಿಕೊಂಡಿರಲ್ಲ, ಅದು ನಿಜ.

ಇನ್ನು ನಿಮ್ಮ ಸೈಟು. 40×60 ಅಂದರೆ ಉದ್ದದ ಕಡೆಯೇ ಸುಮಾರು 18 ಮೀಟರ್. ಅದರಲ್ಲಿ ಮನೆ ಎಷ್ಟು ಹಿಡಿದಿದೆ ಅಂತ ನಿಮಗೇ ಗೊತ್ತು. ಈ ಮರ 12ರಿಂದ 15 ಮೀಟರ್ ಎತ್ತರ ಹೋಗುತ್ತದೆ, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಬೇರು ಆಳಕ್ಕಿಂತ ಅಡ್ಡಕ್ಕೆ ಓಡುವುದೇ ಜಾಸ್ತಿ, ಟೊಂಗೆಯ ಅಂಚನ್ನೂ ದಾಟಿ ಹೋಗುತ್ತದೆ. ಮನೆಯಿಂದ ಕಡಿಮೆ ಅಂದರೂ 15 ಮೀಟರ್ ದೂರ ಇರಬೇಕು. ನಿಮ್ಮ ಕಾಂಪೌಂಡಿನೊಳಗೆ ಅಂಥ ಜಾಗ ಎಲ್ಲೂ ಸಿಗಲ್ಲ.

ಬೇರು ನೀರಿನ ಸಂಪ್‌ಗೆ, ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿ ಪೈಪಿಗೆ ನುಗ್ಗುತ್ತೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಗಟ್ಟಿ ಪೈಪನ್ನು ಅದು ಒಡೆಯುವುದಿಲ್ಲ. ಜಾಯಿಂಟಿನಲ್ಲಿ ಸ್ವಲ್ಪ ಜಿನುಗಿದರೆ ಕೂದಲೆಳೆಯಂಥ ಬೇರು ಒಳಗೆ ತೂರುತ್ತದೆ, ಆಮೇಲೆ ಒಳಗೇ ಗಂಟು ಕಟ್ಟಿಕೊಂಡು ಪೈಪು ಮುಚ್ಚಿಬಿಡುತ್ತದೆ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಇರುವುದು ನಿಮ್ಮ ಪಾಯದ ಬಗ್ಗೆ. ನಿಮ್ಮದು ಎರೆ ಮಣ್ಣೋ (ಕಪ್ಪು ಮಣ್ಣು) ಮಸಾರಿಯೋ (ಕೆಂಪು ಮಣ್ಣು) ಬರೆದಿಲ್ಲ. ಎರೆ ಆಗಿದ್ದರೆ ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು ಅದಕ್ಕೇ. ದೊಡ್ಡ ವಿಲ್ಲೋ ಬಿಸಿಲು ದಿನದಲ್ಲಿ ನೂರಾರು ಲೀಟರ್ ನೀರು ಎಳೆಯುತ್ತದೆ. ಪಾಯದ ಕೆಳಗಿನ ಮಣ್ಣಿನಿಂದ ಆ ನೀರು ಎಳೆದರೆ ಅಷ್ಟು ಭಾಗ ಮಾತ್ರ ಕುಗ್ಗಿ ಕೂರುತ್ತದೆ, ಗೋಡೆ ಬಿರಿಯುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಇಂಗ್ಲೆಂಡಿನಲ್ಲಿ 1976ರ ಬರದ ಬೇಸಿಗೆಯಲ್ಲಿ ಜೇಡಿಮಣ್ಣಿನ ಮೇಲಿದ್ದ ಎಷ್ಟೋ ಮನೆಗಳು ಹೀಗೆ ಬಿರುಕು ಬಿಟ್ಟವು. ಅಲ್ಲಿ ಮನೆ ಕಟ್ಟುವವರ ನಿಯಮಗಳಲ್ಲಿ ವಿಲ್ಲೋವನ್ನು ಅತಿ ಹೆಚ್ಚು ನೀರು ಎಳೆಯುವ ಮರಗಳ ಸಾಲಿಗೆ ಹಾಕಿದ್ದಾರೆ. ನಮ್ಮ ಎರೆ ಮಣ್ಣು ಉಬ್ಬಿ ಕುಗ್ಗುವುದರಲ್ಲಿ ಅಲ್ಲಿನ ಜೇಡಿಗೇನು ಕಡಿಮೆ ಇಲ್ಲ.

ಈಗ ಸುಟ್ಟ ಎಲೆ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ಹಳೆಯ ಎಲೆಗಳಲ್ಲಿ ತುದಿಯಿಂದ ಶುರುವಾಗಿ ಅಂಚಿನ ಗುಂಟ ಕಂದು ಬಣ್ಣ ಬಂದಿದ್ದು, ನಡುವೆ ಇನ್ನೂ ಹಸಿರಿದ್ದರೆ ಅದು ಹೆಚ್ಚಾಗಿ ಉಪ್ಪಿನ ಕೆಲಸ. ಬಿಸಿ ಗಾಳಿಯೂ ಸೇರಿರಬಹುದು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಇದ್ದರೆ ಬಹುತೇಕ ನಿಮ್ಮ ಬೋರಿನ ನೀರೇ ಕಾರಣ. ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಬೇರೆ ತೊಂದರೆ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣ ಸಿಗದೆ ಹಾಗಾಗುತ್ತದೆ. ಅದಕ್ಕೆ ಕೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಗೊಬ್ಬರದಂಗಡಿಯಲ್ಲಿ ಸಿಗುತ್ತದೆ, ಪ್ಯಾಕೆಟ್ ಮೇಲೆ ಬರೆದಷ್ಟೇ ಹಾಕಿ.

ಉಪ್ಪಾಗಿದ್ದರೆ ಕುಂಡವನ್ನು ತೊಳೆಯಬೇಕು. ನಲ್ಲಿಯಲ್ಲಿ ಹೊಳೆ ನೀರು ಬರುವ ದಿನ ಕುಂಡದ ಎರಡು ಮೂರು ಪಟ್ಟು ನೀರನ್ನು ನಿಧಾನಕ್ಕೆ ಹಾಕಿ, ಎಲ್ಲಾ ಕೆಳಗಿನ ತೂತಿನಿಂದ ಹರಿದು ಹೋಗಲಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಮಳೆ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೇದು, ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಆರ್‌ಓ ಮಷೀನಿನಿಂದ ಹೊರಗೆ ಬರುವ ವೇಸ್ಟ್ ನೀರನ್ನು ಮಾತ್ರ ಹಾಕಬೇಡಿ. ಬಹಳ ಜನ ವೇಸ್ಟ್ ಮಾಡಬಾರದು ಅಂತ ಅದನ್ನೇ ಗಿಡಕ್ಕೆ ಸುರಿಯುತ್ತಾರೆ. ಬೋರಿನ ನೀರಿಗಿಂತ ಅದರಲ್ಲಿ ಉಪ್ಪು ಜಾಸ್ತಿ. ಗಿಡ ಸತ್ತಿದೆಯೋ ಬದುಕಿದೆಯೋ ಅನುಮಾನ ಬಂದರೆ ಕಾಂಡವನ್ನು ಉಗುರಿನಿಂದ ಒಂಚೂರು ಕೆರೆಯಿರಿ. ಸಿಪ್ಪೆ ಕೆಳಗೆ ಹಸಿರು, ಹಸಿ ಇದ್ದರೆ ಕಾಯಿರಿ.

ಹಾಂ, ತರಿಸಿದ್ದು ವಿಲ್ಲೋನೇ ಹೌದಾ ಅಂತಲೂ ನೋಡಿಕೊಳ್ಳಿ. ಜೋತುಬೀಳುವ ಬಾಟಲ್ ಬ್ರಷ್ ಗಿಡವನ್ನೇ ವಿಲ್ಲೋ ಅಂತ ಮಾರುವವರಿದ್ದಾರೆ. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ. ನೀಲಗಿರಿ, ನಿಂಬೆಯ ಥರ ವಾಸನೆ ಬಂದರೆ ಬಾಟಲ್ ಬ್ರಷ್. ವಿಲ್ಲೋ ಎಲೆಗೆ ಅಂಥ ವಾಸನೆ ಇಲ್ಲ. ಅದರ ಎಲೆ ಮೆತ್ತಗೆ, ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಹಲ್ಲು, ಹಿಂಬದಿ ಬೂದು ಮಿಶ್ರಿತ ತಿಳಿಹಸಿರು. ಬಾಟಲ್ ಬ್ರಷ್ ಅಂತ ಗೊತ್ತಾದರೆ ನನ್ನ ಪ್ರಕಾರ ನಿಮ್ಮ ಅದೃಷ್ಟ. ಅದನ್ನು ಧೈರ್ಯವಾಗಿ ಮನೆ ಮುಂದೆ ಹಾಕಿ. ಬೇರೂರಿದ ಮೇಲೆ ಕಡಿಮೆ ನೀರಿಗೂ ಬರುತ್ತದೆ, ಸಣ್ಣ ಮರವಾಗಿ ನಿಲ್ಲುತ್ತದೆ, ಕೆಂಪು ಹೂವಿಗೆ ಸೂರಕ್ಕಿಗಳು ಮುತ್ತುತ್ತವೆ. ನೆರಳು ವಿಲ್ಲೋದಷ್ಟು ಬೀಳಲ್ಲ ಅಷ್ಟೇ.

ಇಲ್ಲ, ನಿಜವಾದ ವಿಲ್ಲೋನೇ ಇದೆ, ಬಿಡಲು ಮನಸ್ಸಿಲ್ಲ ಅಂದರೆ ಎರಡು ದಾರಿ.

ಒಂದು, ಡ್ರಮ್ಮಿನಲ್ಲಿ ಸಾಕುವುದು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಅರ್ಧ ಕತ್ತರಿಸಿ, ತಳಕ್ಕೆ ತೂತು ಮಾಡಿ, ಮನೆಯ ಮೂಡಲ ದಿಕ್ಕಿಗೆ ಇಡಿ. ಬೆಳಗಿನ ಬಿಸಿಲು ಸಿಗಬೇಕು, ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬರಬೇಕು. ನೆಲಕ್ಕೆ ನೇರ ಇಡಬೇಡಿ, ಕಲ್ಲು ಕೊಟ್ಟು ಎತ್ತರಿಸಿ. ಇಲ್ಲದಿದ್ದರೆ ತೂತಿನಿಂದ ಬೇರು ಇಳಿದು ನಿಮಗೆ ಗೊತ್ತಾಗುವುದರೊಳಗೆ ನೆಲದಲ್ಲಿ ಸಂಸಾರ ಹೂಡಿರುತ್ತದೆ. ಪ್ರತಿ ಚಳಿಗಾಲ ಕೊಂಬೆ ಗಟ್ಟಿಯಾಗಿ ಸವರಿ. ಎರಡು ವರ್ಷಕ್ಕೊಮ್ಮೆ ಹೊರಗೆ ತೆಗೆದು ಬೇರನ್ನೂ ಕತ್ತರಿಸಿ ಹೊಸ ಮಣ್ಣು ಹಾಕಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೀರು, ತಪ್ಪಿಸುವಂತಿಲ್ಲ. ಊರಿಗೆ ಹೋದರೆ ಯಾರಿಗಾದರೂ ಹೇಳಿ ಹೋಗಬೇಕು. ಹೀಗೆ ಕೆಲವು ವರ್ಷ ಚೆನ್ನಾಗೇ ಇರುತ್ತದೆ.

ಎರಡನೆಯದು, ನಿಮ್ಮದೋ ನೆಂಟರದೋ ಹೊಲವಿದ್ದರೆ ಅಲ್ಲಿ ಹಾಕುವುದು. ಜಾಗ ಆರಿಸುವುದನ್ನು ಮಳೆಗಾಲದಲ್ಲಿ ಮಾಡಬೇಡಿ. ಆಗ ಎಲ್ಲಾ ನೆಲವೂ ಹಸಿಯಾಗೇ ಕಾಣುತ್ತದೆ. ಮೇ ಕೊನೆಗೆ ಹೋಗಿ ಒಂದು ಮೊಳ ಆಳ ಅಗೆಯಿರಿ. ಆ ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು. ಕೃಷಿಹೊಂಡದ ಪಕ್ಕ, ಹಳ್ಳದ ದಂಡೆ, ಬಸಿಗಾಲುವೆಯ ಬದು, ಇಂಥ ಕಡೆ ಸಿಗುತ್ತದೆ. ಕಾಲುವೆ ಕೆಳಗಿನ ಹೊಲವಾದರೆ ಇನ್ನೊಂದು ಪರೀಕ್ಷೆಯೂ ಬೇಕು. ಜವಳು, ಅಂದರೆ ನೀರು ನಿಲ್ಲುವ ನೆಲ, ಈ ಮರಕ್ಕೆ ಇಷ್ಟ. ಸವಳು, ಅಂದರೆ ಉಪ್ಪಿನ ನೆಲ, ಆಗಿಬರಲ್ಲ. ನಮ್ಮ ಕಡೆ ಎರಡೂ ಒಟ್ಟಿಗೇ ಇರುವುದೇ ಜಾಸ್ತಿ. ನೆಲದ ಮೇಲೆ ಬಿಳಿ ಪುಡಿ ಕಾಣುವ ಕಡೆ ಹಾಕಲೇಬೇಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷದಿಂದ ಸವಳು ಭೂಮಿಯ ಮೇಲೆ ಕೆಲಸ ಮಾಡುತ್ತಿದೆ, ಮಣ್ಣು ಹೇಗಿದೆ ಅಂತ ಅಲ್ಲಿ ವಿಚಾರಿಸಬಹುದು.

ನೆಡುವುದೇನು ಕಷ್ಟವಿಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಯನ್ನು ಡಿಸೆಂಬರ್, ಜನವರಿಯಲ್ಲಿ ಕತ್ತರಿಸಿ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದರೆ ಸಾಕು. ಮೊಗ್ಗು ಮೇಲೆ ನೋಡುವಂತಿರಲಿ. ಎರಡು ಮೂರು ವಾರದಲ್ಲಿ ಸಿಪ್ಪೆಯನ್ನು ಸೀಳಿಕೊಂಡು ಬಿಳಿ ಬೇರು ಬರುತ್ತದೆ. ಬೆರಳುದ್ದ ಆಗುವ ಮೊದಲೇ ಕುಂಡಕ್ಕೆ ಹಾಕಿ, ಉದ್ದವಾದರೆ ಮುಟ್ಟಿದರೆ ಮುರಿಯುತ್ತವೆ. ಆ ಬಕೆಟ್ ನೀರು ಚೆಲ್ಲಬೇಡಿ, ಅದರಲ್ಲಿ ಮಲ್ಲಿಗೆ, ಗುಲಾಬಿ ಕಡ್ಡಿ ಅದ್ದಿಟ್ಟು ನೆಡಿ. ವಿಲ್ಲೋ ಚಿಗುರಿನಲ್ಲಿ ಬೇರು ಬರಿಸುವ ಅಂಶ ಇರುತ್ತದೆ, ತೋಟಗಾರರು ಇದನ್ನು ಹಿಂದಿನಿಂದಲೂ ಬಳಸುತ್ತಾರೆ. ಮೊದಲ ಬೇಸಿಗೆ ನೆರಳಲ್ಲಿ ಕಳೆದು, ಜುಲೈ ಮಳೆಗೆ ಹೊಲಕ್ಕೆ ಹೋಗಲಿ.

ಹೊಲದಲ್ಲಿ ಮೊದಲ ಶತ್ರು ಕುರಿ-ಮೇಕೆ. ವಿಲ್ಲೋ ಸೊಪ್ಪು ಅವಕ್ಕೆ ಬಲು ರುಚಿ, ಮುಳ್ಳುಬೇಲಿ ಕಟ್ಟದೆ ನೆಡಲೇಬೇಡಿ. ಎರಡನೆಯದು ಗೆದ್ದಲು. ಬುಡಕ್ಕೆ ಭತ್ತದ ಹುಲ್ಲು ದಪ್ಪಗೆ ಹೊದಿಸಿದರೆ ಎರೆ ಬಿರಿಯುವುದು ಕಡಿಮೆಯಾಗುತ್ತದೆ, ಬೇರು ಕಿತ್ತುಹೋಗುವುದಿಲ್ಲ. ಆದರೆ ಗೆದ್ದಲು ಹತ್ತದಿರಲು ಹುಲ್ಲು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಗಿಡ ಚಿಕ್ಕದಿರುವಾಗಲೇ ಜೋತುಬೀಳಲು ನೋಡುತ್ತದೆ. ಒಂದು ಚಿಗುರನ್ನು ಮಾತ್ರ ಬಿದಿರು ಗಳಕ್ಕೆ ಕಟ್ಟಿ, ಆಳೆತ್ತರ ದಾಟುವವರೆಗೆ ಪಕ್ಕದ ಚಿಗುರು ಚಿವುಟುತ್ತಾ ಬನ್ನಿ. ಹಾಗೆ ಮಾಡದಿದ್ದರೆ ಅದು ಮರವಾಗದೆ ಪೊದೆಯಾಗುತ್ತದೆ. ಯೂರಿಯಾ ಬೇಕಾಗಿಲ್ಲ, ಭತ್ತಕ್ಕೆ ಹಾಕಿದ್ದೇ ಬಸಿದು ಬರುತ್ತದೆ. ಕರೆಂಟಿನ ತಂತಿ ಕೆಳಗೆ, ಪಂಪ್‌ಸೆಟ್ ಮನೆ ಪಕ್ಕ ಬೇಡ. ಕಟ್ಟಿಗೆ ಪೆಡಸು, ಮೇ ತಿಂಗಳ ಗಾಳಿ ಮಳೆಗೆ ದೊಡ್ಡ ಕೊಂಬೆಗಳೇ ಮುರಿಯುತ್ತವೆ. ಮೊಮ್ಮಕ್ಕಳ ಕಾಲಕ್ಕೂ ಇರಲಿ ಅಂತ ನೆಡುವ ಮರವೂ ಅಲ್ಲ ಇದು, ಮೂವತ್ತು ನಲವತ್ತು ವರ್ಷ ಬಾಳಿದರೆ ಹೆಚ್ಚು. ಆ ಆಸೆ ಇದ್ದರೆ ಬೇವು ಹಾಕಿ.

ಮೊದಲು ಕುಂಡ ತೊಳೆದು, ಹದಿನೈದು ದಿನ ಬಿಟ್ಟು ಹೊಸ ಎಲೆ ಹೇಗೆ ಬಂದಿದೆ ಅಂತ ಇಲ್ಲೇ ತಿಳಿಸಿ. ಸುಟ್ಟ ಎಲೆ ಮತ್ತೆ ಹಸಿರಾಗಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಗಿಡ ಹೋಗಿಯೇಬಿಟ್ಟರೆ ದುಡ್ಡು ಕೊಟ್ಟು ಇನ್ನೊಂದು ತರಿಸಬೇಡಿ. ಡಿಸೆಂಬರ್‌ನಲ್ಲಿ ನಮ್ಮ ಮರ ಸವರುತ್ತೇವೆ, ಎಷ್ಟು ಕಡ್ಡಿ ಬೇಕಾದರೂ ಕೊಡ್ತೀನಿ. ಬಕೆಟ್ ಮಾತ್ರ ನೀವೇ ತನ್ನಿ.