ಪಕ್ಕದ ಮನೆಯ ಹನ್ನೊಂದು ಹುಡುಗರು

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮೂರು ಹಾಸನ. ಮೂರು ವರ್ಷದಿಂದ ಕ್ಯಾಲಿಫೋರ್ನಿಯಾದ ಒಂದು ಕಾಲೇಜು ಊರಿನಲ್ಲಿದ್ದೇವೆ. ಹೋದ ವರ್ಷ ಪಕ್ಕದ ಮನೆಗೆ ಹನ್ನೊಂದು ಹುಡುಗರು ಬಾಡಿಗೆಗೆ ಬಂದರು. ಅದು ಫ್ರಾಟರ್ನಿಟಿ ಮನೆ, ಅಂದರೆ ಕಾಲೇಜು ಹುಡುಗರ ಸಂಘದ ಮನೆ ಅಂತ ಆಮೇಲೆ ಗೊತ್ತಾಯಿತು. ಗುರುವಾರದಿಂದ ಶನಿವಾರದವರೆಗೆ ಪಾರ್ಟಿ, ರಾತ್ರಿ ಒಂದೂವರೆ ಆದರೂ ಮುಗಿಯೋದಿಲ್ಲ. ಸ್ಪೀಕರ್ ಸದ್ದಿಗೆ ಅಡುಗೆಮನೆಯ ಸ್ಟೀಲ್ ಲೋಟಗಳು ಅದುರುತ್ತವೆ. ಬೆಳಗ್ಗೆ ರಂಗೋಲಿ ಹಾಕೋಕೆ ಹೋದರೆ ಬಾಗಿಲಲ್ಲಿ ವಾಂತಿ. ಅತ್ತೆಗೆ 74 ವರ್ಷ, ಬಿಪಿ ಇದೆ. ಪೊಲೀಸರು ಬಂದಾಗ ನಿಲ್ಲುತ್ತದೆ, ಹೋದ ಮೇಲೆ ಮತ್ತೆ ಶುರು. ನಗರಸಭೆಯವರು 'ಎಷ್ಟು ಜನ ಇದ್ದಾರೆ ಅಂತ ನಾವು ಕೇಳುವ ಹಾಗಿಲ್ಲ' ಎಂದರು. ನಮ್ಮವರು 'ನಾವು ಹೊರಗಿನವರು, ಸುಮ್ನಿರು' ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಕ್ಯಾಲಿಫೋರ್ನಿಯಾ

ಉತ್ತರ: ಮೊದಲು ನಿಮ್ಮ ಯಜಮಾನರ ಮಾತು. ನಾನು ಕ್ಯಾಲಿಫೋರ್ನಿಯಾದ ಒಂದು ನಗರಸಭೆಯ ಪ್ಲಾನಿಂಗ್ ಕೌಂಟರಿನಲ್ಲಿ, ಅಂದರೆ ಕಟ್ಟಡ, ಜಾಗದ ಬಳಕೆಯ ವಿಚಾರ ನೋಡುವ ಕಡೆ, ಹದಿನಾರು ವರ್ಷ ಕೂತವಳು. ದೂರು ತಂದವರನ್ನು ನಿಮ್ಮ ವೀಸಾ ಯಾವುದು ಅಂತ ನಾನು ಒಂದು ದಿನವೂ ಕೇಳಲಿಲ್ಲ. ಆ ಬೀದಿಯಲ್ಲಿ ನೀವು ಬಾಳುತ್ತಿದ್ದೀರಿ, ಅಷ್ಟು ಸಾಕು. ಧೈರ್ಯವಾಗಿ ಹೋಗಿ.

ನಗರಸಭೆಯವರು ಹೇಳಿದ್ದು ಅರ್ಧ ಸತ್ಯ. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಸಣ್ಣ ಊರಿನ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಆರು ವಿದ್ಯಾರ್ಥಿಗಳು ಒಂದು ಮನೆಯಲ್ಲಿದ್ದರು. ನೆಂಟರಲ್ಲದವರು ಇಬ್ಬರಿಗಿಂತ ಜಾಸ್ತಿ ಇರಬಾರದು ಎಂಬ ಊರಿನ ನಿಯಮವನ್ನು ಕೋರ್ಟ್ ಒಪ್ಪಿತು. ಆದರೆ 1980ರಲ್ಲಿ ಸಾಂಟಾ ಬಾರ್ಬರಾದ ಇಂಥದೇ ನಿಯಮವನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮನೆಯಲ್ಲಿ ಯಾರ ಜೊತೆ ಇರಬೇಕು ಅನ್ನೋದು ಅವರವರ ಖಾಸಗಿ ವಿಷಯ ಎಂದಿತು. ಅದು ಒಳ್ಳೆಯ ತೀರ್ಪು ಅಂತಲೇ ನನ್ನ ಅಭಿಪ್ರಾಯ. ನಮ್ಮ ಕಡೆಯ ಐದಾರು ಹುಡುಗರು ಸೇರಿ ಮನೆ ಹಿಡಿಯುತ್ತಾರಲ್ಲ, ಅವರನ್ನೂ ಅದು ಕಾಯುತ್ತದೆ.

ಹಾಗಾಗಿ 'ಹನ್ನೊಂದು ಹುಡುಗರಿದ್ದಾರೆ' ಎಂದು ಬರೆಯಬೇಡಿ. ಆ ಮನೆ ಯಾವ ಕೆಲಸಕ್ಕೆ ಬಳಕೆಯಾಗುತ್ತಿದೆ ಎಂದು ಬರೆಯಿರಿ. ಯಾವ ಜಾಗದಲ್ಲಿ ಏನಿರಬಹುದು ಎಂದು ಹೇಳುವುದು ಜೋನಿಂಗ್ ನಿಯಮ. ಎಷ್ಟೋ ಕಾಲೇಜು ಊರುಗಳ ಈ ನಿಯಮದಲ್ಲಿ ಫ್ರಾಟರ್ನಿಟಿ ಮನೆ ಅನ್ನೋದೇ ಬೇರೆ ಬಾಬತ್ತು. ಕ್ಯಾಲಿಫೋರ್ನಿಯಾದ್ದೇ ಆದ ಸ್ಯಾನ್ ಲೂಯಿಸ್ ಒಬಿಸ್ಪೊ ಊರನ್ನೇ ನೋಡಿ. ಅಲ್ಲಿ ಆರ್-3, ಆರ್-4 ಎಂಬ ದಟ್ಟ ವಸತಿ ವಲಯಗಳಲ್ಲಿ ಮಾತ್ರ ಅದಕ್ಕೆ ಅವಕಾಶ. ಅದಕ್ಕೂ ಕಂಡಿಷನಲ್ ಯೂಸ್ ಪರ್ಮಿಟ್, ಅಂದರೆ ನಗರಸಭೆಯ ಷರತ್ತಿನ ಪರವಾನಗಿ ಬೇಕು. ನಿಮ್ಮ ಊರಿನ ನಿಯಮ ತೆಗೆದು ಓದಿ. ಅಲ್ಲೂ ಹೀಗೇ ಇದ್ದು ಆ ಮನೆಗೆ ಪರ್ಮಿಟ್ ಇಲ್ಲದಿದ್ದರೆ, ಸದ್ದು ಇರಲಿ ಬಿಡಲಿ, ಅದು ತಪ್ಪೇ. ಇದು ರಾತ್ರಿ ಪೊಲೀಸರ ಕೆಲಸ ಅಲ್ಲ, ಹಗಲು ನಗರಸಭೆಯ ಕೋಡ್ ಎನ್‌ಫೋರ್ಸ್‌ಮೆಂಟ್ ವಿಭಾಗದ, ಅಂದರೆ ಊರಿನ ನಿಯಮ ಪಾಲನೆ ನೋಡುವವರ ಕೆಲಸ.

'ನಾವು ಸುಮ್ನೆ ಸ್ನೇಹಿತರು, ಬಾಡಿಗೆಗೆ ಇದ್ದೇವೆ' ಎಂದು ಹುಡುಗರು ಹೇಳುತ್ತಾರೆ. ಕೌಂಟರಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ! ಒಬ್ಬ ಅಜ್ಜಿ ನೋಟ್‌ಬುಕ್ ತರುತ್ತಿದ್ದರು. ತಾರೀಖು, ಗಂಟೆ, ಪೊಲೀಸ್ ಕರೆಯ ನಂಬರ್, ಎಲ್ಲ ಇತ್ತು. ಆದರೂ ನಮ್ಮಲ್ಲಿ ಫೈಲು ಕದಲಲಿಲ್ಲ. ಅದಕ್ಕೆ ನನಗೆ ಇವತ್ತಿಗೂ ಬೇಜಾರಿದೆ. ಕೊನೆಗೆ ಅವರು ಒಂದು ಪೋಸ್ಟರ್ ತಂದರು. ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ 'ರಷ್' ವಾರದ್ದು. ಸಂಘದ ಹೆಸರಾದ ಗ್ರೀಕ್ ಅಕ್ಷರಗಳ ಕೆಳಗೆ ಆ ಮನೆಯ ವಿಳಾಸ ಅಚ್ಚಾಗಿತ್ತು. ಮಾಲೀಕರಿಗೆ ನೋಟಿಸ್ ಹೋಗಿದ್ದು ಆ ಒಂದು ಹಾಳೆಯಿಂದ.

ಅದು ಸಂಘದ ಮನೆ ಎಂದು ತೋರಿಸುವ ಅಂಥದ್ದನ್ನೇ ನೀವೂ ಹುಡುಕಿ. ಸಂಘದ ಇನ್‌ಸ್ಟಾಗ್ರಾಂ ನೋಡಿ, ಸಿಕ್ಕಿದ್ದನ್ನು ತಾರೀಖಿನ ಸಮೇತ ಉಳಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 2022ರಲ್ಲಿ ಎಬಿ 524 ಎಂಬ ಕಾನೂನು ಬಂತು. ಕಾಲೇಜುಗಳು ತಾವು ಮಾನ್ಯತೆ ಕೊಟ್ಟ ಫ್ರಾಟರ್ನಿಟಿಗಳ ಬಗ್ಗೆ ಪ್ರತಿ ವರ್ಷ ವರದಿ ಪ್ರಕಟಿಸಬೇಕು. ಅದನ್ನು ತೆರೆದು ಪಕ್ಕದ ಮನೆಯ ವಿಳಾಸ ಇದೆಯಾ ನೋಡಿ. ಸಿಕ್ಕರೆ ಒಂದು ಪ್ರತಿ ನಗರಸಭೆಗೆ, ಒಂದು ಮನೆ ಮಾಲೀಕರಿಗೆ, ಒಂದು ಕಾಲೇಜಿಗೆ.

ಅದಕ್ಕೂ ಜಗ್ಗದಿದ್ದರೆ ಸಣ್ಣ ಮೊತ್ತದ ದಾವೆಗಳ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಅಲ್ಲಿ ವಕೀಲರು ಬೇಕಿಲ್ಲ. ಒಬ್ಬರು 12,500 ಡಾಲರ್‌ವರೆಗೆ ಪರಿಹಾರ ಕೇಳಬಹುದು. ಬೀದಿಯ ಐದು ಮನೆಯವರು ಬೇರೆ ಬೇರೆ ಅರ್ಜಿ ಹಾಕಿದರೆ ಮಾಲೀಕರಿಗೆ ಬಿಸಿ ಮುಟ್ಟುತ್ತದೆ.

ಇನ್ನೊಂದು ಮಾತು, ಬೇಡ ಅನ್ನಬೇಡಿ. ಒಂದು ಭಾನುವಾರ ಮಧ್ಯಾಹ್ನ ಅತ್ತೆಯವರನ್ನು ಕರೆದುಕೊಂಡು ಅವರ ಬಾಗಿಲು ತಟ್ಟಿ. ಆ ಹುಡುಗರಿಗೆ ಗೋಡೆಯಾಚೆ ಯಾರಿದ್ದಾರೆ ಅಂತಲೇ ಗೊತ್ತಿರೋದಿಲ್ಲ. ಸಂಘದ ಅಧ್ಯಕ್ಷನ ಫೋನ್ ನಂಬರ್ ತೆಗೆದುಕೊಳ್ಳಿ. ಇದರಿಂದ ದೂರಿಗೇನೂ ತೊಂದರೆಯಿಲ್ಲ, ಅದು ಅದರ ಪಾಡಿಗೆ ನಡೆಯಲಿ.

ಆದರೆ ಯಾವತ್ತಾದರೂ ಅವರು ಛಾವಣಿ ಹತ್ತಿದ್ದು ಕಂಡರೆ ಆ ನಂಬರಿಗಾಗಿ ಹುಡುಕುತ್ತಾ ಕೂರಬೇಡಿ. 2015ರ ಮಾರ್ಚ್ 7ರ ನಸುಕಿನಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ಪಾರ್ಟಿಗೆ ಬಂದವರು ಒಂದು ಗ್ಯಾರೇಜಿನ ಮಾಡು ಹತ್ತಿ ನಿಂತಿದ್ದರು. ಅದು ಅವರ ಸಮೇತ ಕುಸಿಯಿತು, ಹಲವರಿಗೆ ಗಾಯವಾಯಿತು. ಹಾಗೆ ಹತ್ತಿದ್ದು ಕಂಡರೆ ನೇರ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.